ನಮ್ಮ ಮನೆಯ ನೀರು

ಪುಣೆಯ ಸಹಕಾರನಗರದ ಹತ್ತಿರ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದೆ. ವಿಜಯಪುರ ಕಡೆಯ ಗುತ್ತಿಗೆದಾರ ಹೇಳಿದ: ‘ಸಾಹೇಬ್ರ, ಇಡೀ ಜಾಗಾನ ಎರಡು ಫೂಟು ಏರಿಸೂಣು. ಮುಂದ ಮಳಿಗಾಲದಾಗ ಚಿಂತೀನ ಇರಂಗಿಲ್ಲ.’ ಪರಊರಿನಲ್ಲಿ ನಮ್ಮ ಭಾಷೆಯ ಮಾತು, ಬೇಗ ನಂಬಿಕೆ ಬಂತು. ಮಣ್ಣು ತುಂಬಿಸಿದೆ, ಅಂಗಳಕ್ಕೆಲ್ಲ ಫರಸಿ ಹಾಕಿಸಿದೆ, ಇಳಿಜಾರನ್ನು ಹಿಂದಿನ ಗೋಡೆಯ ಕಡೆ ಬಿಟ್ಟೆ.

ಮೊದಲ ದೊಡ್ಡ ಮಳೆಯ ಮರುದಿನ ಹಿಂದಿನ ಮನೆಯ ಆಜಿ ಬಂದರು. ಸಿಟ್ಟಿರಲಿಲ್ಲ. ‘ತುಮ್ಚಂ ಪಾಣೀ ಆಮ್ಚ್ಯಾ ಘರಾತ ಆಲಂ’ ಎಂದರು. ನಿಮ್ಮ ನೀರು! ಆಕಾಶದಿಂದ ಬಿದ್ದದ್ದು ನನ್ನದು ಹೇಗಾದೀತು?

ಕಾನೂನು ನನ್ನ ಪರವೇ ಅಂದುಕೊಂಡೆ. ಮೇಲಿನ ಜಮೀನಿನ ಮೇಲೆ ಬಿದ್ದ ನೀರು ಸಹಜವಾಗಿ ಹರಿದು ಬಂದರೆ ಕೆಳಗಿನವನು ಬಿಟ್ಟುಕೊಳ್ಳಬೇಕು ಎಂದು 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಂ ಹೇಳುತ್ತದೆ. ಆದರೆ ತೊಡಕಿರುವುದೇ ‘ಸಹಜವಾಗಿ’ ಎಂಬ ಮಾತಿನಲ್ಲಿ. ನನ್ನ ಎತ್ತರ ಸಹಜದ್ದಲ್ಲ, ಲಾರಿಯಲ್ಲಿ ತರಿಸಿದ್ದು. ಲೆಕ್ಕ ಹಾಕಿದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನನ್ನ 200 ಚದರ ಮೀಟರ್ ಜಾಗದ ಮೇಲೆ 50 ಮಿಲಿಮೀಟರ್ ಸುರಿದರೆ 10,000 ಲೀಟರ್, ಅಂದರೆ ಒಂದು ಟ್ಯಾಂಕರ್. ಮೊದಲು ಅದರಲ್ಲಿ ಒಂದಿಷ್ಟನ್ನು ಮಣ್ಣು ಕುಡಿಯುತ್ತಿತ್ತು. ಮಣ್ಣಿನ ಬಾಯಿ ಮುಚ್ಚಿದವನು ನಾನೇ.

2019ರ ಸೆಪ್ಟೆಂಬರ್ 25ರ ರಾತ್ರಿ ಇದು ಒಂದು ಗೋಡೆಯ ಜಗಳವಲ್ಲ ಎಂದು ತಿಳಿಯಿತು. ಕಾತ್ರಜ್ ಗುಡ್ಡದಿಂದ ಇಳಿದು ಮುಠಾ ನದಿ ಸೇರುವ ಅಂಬಿಲ್ ಓಢಾ ಎಂಬ ಹಳ್ಳ ಉಕ್ಕಿತು. ಅರಣ್ಯೇಶ್ವರದ ಟಾಂಗೆವಾಲಾ ಕಾಲೊನಿಯಲ್ಲಿ ಗೋಡೆ ಕುಸಿಯಿತು. ಪುಣೆ ನಗರ, ಜಿಲ್ಲೆ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಹಳ್ಳದ ದಂಡೆಯ ಗುಡಿಸಲಿನವರು ಯಾರ ಮೇಲೂ ನೀರು ಬಿಟ್ಟವರಲ್ಲ. ಅವರಿಗಿಂತ ಕೆಳಗೆ ಯಾರೂ ಇರಲಿಲ್ಲ. 2022ರಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಬಂಗಲೆಗಳೇ ಮುಳುಗಿದಾಗ, ತಗ್ಗಿಗೆ ಬಡವ ಶ್ರೀಮಂತ ಭೇದವಿಲ್ಲ ಎಂದೂ ಕಂಡಿತು.

‘ಎಲ್ಲಾರೂ ಏರಿಸ್ಯಾರ, ನಾ ಒಬ್ಬಾಂವ ಮುಳಗಬೇಕೇನು?’ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಮುಳುಗಬೇಕಿಲ್ಲ. ಆದರೆ ಮನೆಯ ನೆಲ ಎತ್ತರಿಸುವುದು ಬೇರೆ, ಅಂಗಳವನ್ನೂ ಎತ್ತರಿಸಿ ಮುಚ್ಚುವುದು ಬೇರೆ. ಮೊದಲನೆಯದು ನನ್ನ ರಕ್ಷಣೆ. ಎರಡನೆಯದು ನನ್ನ ಕಷ್ಟವನ್ನು ಕೇಳದೆ ಇನ್ನೊಬ್ಬರ ತಲೆಗೆ ಕಟ್ಟುವುದು. ಕೇಡು ಬಗೆಯಲಿಲ್ಲ, ನಕ್ಷೆ ಪಾಸಾಗಿತ್ತು ಎಂಬುದೆಲ್ಲ ಖರೆ. ಅದರಿಂದ ಆಜಿಯ ಒದ್ದೆ ಹಾಸಿಗೆ ಒಣಗಲಿಲ್ಲ.

ಊರಲ್ಲಿ ಅಪ್ಪ ಬದು ಒಡೆದು ನೀರು ಬಿಡುವ ಮೊದಲು ಕೆಳಗಿನ ಹೊಲದವನನ್ನು ಕೂಗಿ ಹೇಳುತ್ತಿದ್ದ. ಇಲ್ಲಿ ನಾನು ‘ಹೊರಗಿನವ’ ಎಂದುಕೊಂಡು ಆ ರೂಢಿಯನ್ನು ಊರಲ್ಲೇ ಬಿಟ್ಟುಬಂದಿದ್ದೆ. ನಮ್ಮವರು ಯಾರು ಎಂದು ಭಾಷೆ ನೋಡಿ ಎಣಿಸುತ್ತಿದ್ದೆ. ನೀರು ಇಳಿಜಾರು ನೋಡಿ ಎಣಿಸಿತು.

ಅರ್ಧ ಫರಸಿ ಕೀಳಿಸಿದೆ. ಗೋಡೆಯ ಪಕ್ಕ ಗಟಾರ ತೋಡಿಸಿ ಇಂಗುಗುಂಡಿಗೆ ಕೂಡಿಸಿದೆ. ತುಂಬಿ ಮಿಕ್ಕದ್ದು ರಸ್ತೆಯ ಗಟಾರಕ್ಕೆ, ಅಲ್ಲಿಂದ ಅದೇ ಹಳ್ಳಕ್ಕೇ ಹೋಗುತ್ತದೆ. ಪೂರ್ತಿ ನಿರ್ದೋಷಿ ಆಗಲು ಬರುವುದಿಲ್ಲ. ಮಳೆ ಜೋರಾದ ರಾತ್ರಿ ಈಗ ಬ್ಯಾಟರಿ ಹಿಡಿದು ಹಿಂದಿನ ಗೋಡೆಯ ಹತ್ತಿರ ಹೋಗಿ ಕೂಗುತ್ತೇನೆ: ‘ಆಜೀ, ಪಾಣೀ ಆಲಂ ಕಾ?’