ಬೆಳಕನ್ನು ಮೀರುವ ಕಣ ಮತ್ತು ‘ಸುರು ಮಾಡಿದ್ದು ಯಾರು?’

ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಯಾವ ವಸ್ತುವಿನ ವೇಗವನ್ನು ಎಷ್ಟು ಹೆಚ್ಚಿಸಿದರೂ ಅದು ಈ ಗಡಿ ದಾಟದು ಎನ್ನುತ್ತದೆ ಐನ್‌ಸ್ಟೈನ್ 1905ರಲ್ಲಿ ಮಂಡಿಸಿದ ಸಾಪೇಕ್ಷತಾ ಸಿದ್ಧಾಂತ. 1962ರಲ್ಲಿ ಬಿಲಾನಿಯುಕ್, ದೇಶಪಾಂಡೆ ಮತ್ತು ಇ.ಸಿ.ಜಿ. ಸುದರ್ಶನ್ ಒಂದು ತುಂಟ ಪ್ರಶ್ನೆ ಎತ್ತಿದರು: ದಾಟುವ ಮಾತು ಬೇಡ, ಹುಟ್ಟುವಾಗಲೇ ಗಡಿಯಾಚೆ ಇರುವ ಕಣಗಳಿದ್ದರೆ? 1967ರಲ್ಲಿ ಜೆರಾಲ್ಡ್ ಫೈನ್‌ಬರ್ಗ್ ಅಂಥ ಕಣಕ್ಕೆ ‘ಟ್ಯಾಕಿಯಾನ್’ ಎಂದು ಹೆಸರಿಟ್ಟರು. ಕೇರಳದಲ್ಲಿ ಹುಟ್ಟಿದ ಸುದರ್ಶನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಕೆಲಸ ಮಾಡಿದರು. ಟ್ಯಾಕಿಯಾನ್ ಮಾತ್ರ ಇವತ್ತಿನವರೆಗೆ ಯಾವ ಪ್ರಯೋಗದಲ್ಲೂ ಸಿಕ್ಕಿಲ್ಲ.

ಸಿಗದ ಈ ಕಣ ಒಂದು ವಿಚಿತ್ರ ತೊಡಕನ್ನು ತಂದಿಟ್ಟಿದೆ. ಸುಳ್ಯದಿಂದ ಪುತ್ತೂರಿಗೆ ಒಂದು ಟ್ಯಾಕಿಯಾನ್ ಕಳಿಸಿದೆವು ಎನ್ನಿ. ಸಾಕಷ್ಟು ವೇಗವಾಗಿ ಸಾಗುತ್ತಿರುವ ಒಬ್ಬ ಪ್ರಯಾಣಿಕನ ಲೆಕ್ಕದಲ್ಲಿ ಅದು ಸುಳ್ಯ ಬಿಡುವ ಮೊದಲೇ ಪುತ್ತೂರು ತಲುಪಿರುತ್ತದೆ, ಅದರ ಶಕ್ತಿಯೂ ಋಣಾತ್ಮಕವಾಗಿರುತ್ತದೆ. ಸುದರ್ಶನ್ ಮತ್ತು ಜೊತೆಗಾರರು ಇದಕ್ಕೊಂದು ಪರಿಹಾರ ಸೂಚಿಸಿದರು. ಆ ಪ್ರಯಾಣಿಕ ಇದನ್ನು ಪುತ್ತೂರಿನಿಂದ ಹೊರಟು ಸುಳ್ಯ ತಲುಪಿದ, ಧನಾತ್ಮಕ ಶಕ್ತಿಯ ಕಣವೆಂದೇ ಓದಿಕೊಳ್ಳಲಿ. ಆಗ ಕಳಿಸಿದವರು ಯಾರು, ಪಡೆದವರು ಯಾರು ಎಂಬುದು ನೋಡುವವರ ಚಲನೆಗೆ ತಕ್ಕಂತೆ ಅದಲುಬದಲಾಗುತ್ತದೆ, ಇಬ್ಬರ ಮಾತೂ ಸರಿಯಾಗುತ್ತದೆ.

ಸಂಶೋಧನಾ ವಿದ್ಯಾರ್ಥಿಯಾಗಿ ವಿಚಾರಸಂಕಿರಣಗಳಲ್ಲಿ ಕೂತು ನಾನು ಮತ್ತೆ ಮತ್ತೆ ಕೇಳಿದ ಮಾತು: ‘ಎಲ್ಲವೂ ಸಾಪೇಕ್ಷ, ಐನ್‌ಸ್ಟೈನನೇ ಹೇಳಿದ್ದಾನಲ್ಲ!’ ಮಾಡಿದವರು, ಮಾಡಿಸಿಕೊಂಡವರು ಎಂಬ ಭೇದವೂ ಬರೀ ದೃಷ್ಟಿಕೋನದ್ದು ಎಂಬ ಧ್ವನಿ ಅದರಲ್ಲಿರುತ್ತದೆ. ಆದರೆ ಸಾಪೇಕ್ಷತೆ ಹೇಳುವುದು ಬೇರೆಯೇ. ಬೆಳಕಿನ ವೇಗವನ್ನು ಮೀರದ ಪ್ರಭಾವವೊಂದು ಎರಡು ಘಟನೆಗಳನ್ನು ಜೋಡಿಸಿದ್ದರೆ, ಅವುಗಳಲ್ಲಿ ಮೊದಲಿನದು ಯಾವುದು, ಆಮೇಲಿನದು ಯಾವುದು ಎಂಬುದು ವಿಶ್ವದ ಎಲ್ಲ ವೀಕ್ಷಕರಿಗೂ ಒಂದೇ. ಎಷ್ಟು ಕಾಲ ಕಳೆಯಿತು ಎಂಬ ಲೆಕ್ಕ ಬದಲಾದೀತು, ಕ್ರಮ ಬದಲಾಗದು. ಅದಲುಬದಲು ಬರುವುದು ಟ್ಯಾಕಿಯಾನಿನ ಲೋಕದಲ್ಲಿ. ಮನುಷ್ಯರ ನಡುವಿನ ಯಾವ ಏಟೂ, ಯಾವ ಆಜ್ಞೆಯೂ ಬೆಳಕಿಗಿಂತ ವೇಗವಾಗಿ ಹೋಗಿದ್ದಿಲ್ಲ.

ನಮ್ಮ ನೆಲದ್ದೇ ಉದಾಹರಣೆ ತೆಗೆದುಕೊಳ್ಳೋಣ. 1837ರಲ್ಲಿ ಸುಳ್ಯದ ಕಡೆಯ ರೈತರು ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡು, ಪುತ್ತೂರಿನ ದಾರಿಯಾಗಿ ಹೋಗಿ, ಏಪ್ರಿಲ್ 5ರಂದು ಮಂಗಳೂರು ಹಿಡಿದರು. ಸುಮಾರು ಎರಡು ವಾರದೊಳಗೆ ಎಲ್ಲ ಮುಗಿಯಿತು, ನಾಯಕರು ಗಲ್ಲಿಗೇರಿದರು. ಕಂಪನಿಯ ಕಣ್ಣಿಗೆ ಅದು ದಂಗೆ. ಊರಿನವರ ಬಾಯಲ್ಲಿ ‘ಕಲ್ಯಾಣಪ್ಪನ ಕಾಟಕಾಯಿ’. ಇವತ್ತಿನ ಭಾಷಣಗಳಲ್ಲಿ ಅಮರ ಸುಳ್ಯದ ಸ್ವಾತಂತ್ರ್ಯ ಸಮರ. ಹೆಸರು ನೋಡುವವರಿಗೆ ತಕ್ಕಂತೆ ಬದಲಾಗಿದೆ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಂಪನಿ 1834ರಲ್ಲಿ ಕೊಡಗಿನ ಅರಸನನ್ನು ಪದಚ್ಯುತಗೊಳಿಸಿ ಈ ಸೀಮೆಯನ್ನು ಕೆನರಾಕ್ಕೆ ಸೇರಿಸಿದ್ದು ಮೊದಲು. ಬೆಳೆಯಾಗಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೊಡಿ ಎಂದದ್ದು ಆಮೇಲೆ. ಜನ ಎದ್ದದ್ದು ಅದಕ್ಕೂ ಆಮೇಲೆ. ದಂಗೆಯೆನ್ನಿ, ಸಮರವೆನ್ನಿ, ಈ ಸಾಲನ್ನು ತಿರುಗಿಸಿ ಓದಲು ಬರುವುದಿಲ್ಲ.

‘ಅದಕ್ಕೂ ಮೊದಲು?’ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕು. ಅರಸನ ಕ್ರೌರ್ಯವನ್ನೇ ಕಂಪನಿ ನೆಪವಾಗಿ ಮುಂದಿಟ್ಟಿತ್ತು. ಮೊದಲು ನಡೆದದ್ದೆಲ್ಲ ತಪ್ಪು, ಆಮೇಲಿನದೆಲ್ಲ ನ್ಯಾಯ ಎಂದೂ ಅಲ್ಲ. ನೊಂದವರು ತಿರುಗಿ ಬಿದ್ದಾಗ ಏನೂ ಅರಿಯದವರ ಮನೆಯೂ ಸುಟ್ಟೀತು. ಕ್ರಮವೊಂದೇ ತೀರ್ಪಾಗದು. ಆದರೆ ಕ್ರಮವನ್ನೇ ಅಳಿಸಿದರೆ ತೀರ್ಪು ಕೊಡಲು ಏನೂ ಉಳಿಯದು. ‘ಎರಡೂ ಕಡೆ ತಪ್ಪಿದೆ’ ಎಂಬ ಸಮತೂಕದ ಮಾತು ಹೆಚ್ಚಾಗಿ ಒದಗುವುದು ಬಲ ಇದ್ದವರಿಗೇ.

ಕಡಬದ ಕಡೆ ಕುಮ್ಕಿ ಜಾಗದ ಬೇಲಿಗಾಗಿ ಎರಡು ಮನೆಯವರು ಜಗಳವಾಡಿದರೆ, ಪಂಚಾತಿಕೆಗೆ ಕೂತ ಹಿರಿಯರು ‘ಸುರು ಮಾಡಿದ್ದು ಯಾರು ಮಾರಾಯ್ರೆ?’ ಎಂದು ಕೇಳುತ್ತಾರೆ. ಪ್ರಶ್ನೆ ಒರಟು, ಉತ್ತರ ಸಿಗುವುದೂ ಕಷ್ಟ. ಆದರೂ ಉತ್ತರವೊಂದು ಇದೆ ಎಂಬ ನಂಬಿಕೆಯಿಂದಲೇ ಅವರು ಅಲ್ಲಿ ಕೂತಿರುವುದು. ಭೌತಶಾಸ್ತ್ರ ಆ ನಂಬಿಕೆಯನ್ನು ಕಸಿದುಕೊಂಡಿಲ್ಲ.