ಗೊತ್ತಿರುವ ದೋಷ

ನನ್ನ ಮೊದಲ ಕಾರು 2012ರ ಮಾಡೆಲ್ಲಿನದು. ನಾನು ಅದರ ಮೂರನೆಯ ಮಾಲೀಕ. ಕೈಗೆ ಬಂದು ಮೂರು ವರ್ಷವಾಯಿತು. ಹಳೆಯ ಕಾರು ಕೊಂಡವರು ನಿಧಾನವಾಗಿ ವಸ್ತುಗಳನ್ನು ಓದಲು ಕಲಿಯುತ್ತಾರೆ. ಟೈರಿನ ಪಕ್ಕದಲ್ಲಿ 2317 ಎಂದು ಅಚ್ಚಾಗಿದ್ದರೆ ಅದು 2017ರ 23ನೆಯ ವಾರದಲ್ಲಿ ತಯಾರಾದದ್ದು. ಮೀಟರು 40 ಸಾವಿರ ಕಿಲೋಮೀಟರ್ ಎನ್ನುತ್ತಿದ್ದರೂ ಬ್ರೇಕ್ ಪೆಡಲಿನ ರಬ್ಬರು ಸವೆದು ನುಣ್ಣಗಾಗಿದ್ದರೆ, ಮೀಟರಿಗಿಂತ ರಬ್ಬರನ್ನು ನಂಬುವುದು ಲೇಸು.

ಆದರೆ ಓದಲು ಸಿಗದ ಸಂಗತಿಗಳೂ ಇವೆ. "ಟೈಮಿಂಗ್ ಬೆಲ್ಟ್ ಯಾವಾಗ ಹಾಕ್ಸಿದ್ದು ಸಾರ್?" ಎಂದು ಮೆಕ್ಯಾನಿಕ್ ಮೊದಲ ಸರ್ವಿಸ್ಸಿನಲ್ಲೇ ಕೇಳಿದ. ಅದು ಕವರಿನೊಳಗೆ ಕೂತಿರುತ್ತದೆ. ಎಷ್ಟೋ ಸಲ ಯಾವ ಸುಳಿವೂ ಕೊಡದೆ ತುಂಡಾಗುತ್ತದೆ. ಅನೇಕ ಎಂಜಿನ್ನುಗಳಲ್ಲಿ ವಾಲ್ವುಗಳೂ ಬಗ್ಗಿಹೋಗುತ್ತವೆ. ಹಿಂದಿನ ಮಾಲೀಕರಿಗೆ ಫೋನು ಮಾಡಿದೆ. "ಎಲ್ಲಾ ಮಾಡ್ಸಿದೀನಿ, ಯೋಚನೆ ಮಾಡ್ಬೇಡಿ" ಅಂದರು. ಯಾವಾಗ ಎಂಬುದಕ್ಕೆ ಉತ್ತರವಿರಲಿಲ್ಲ. ಏಳು ಸಾವಿರ ಕೊಟ್ಟು ಹೊಸದು ಹಾಕಿಸಿದೆ.

ಈಗ ಮಾರುವ ಸರದಿ ನನ್ನದು. ಮಗಳ ಕಾಲೇಜಿನ ಫೀಸಿಗೆ ದುಡ್ಡು ಬೇಕು. ಕಾರಿಗೊಂದು ಕಾಯಿಲೆ ಇದೆ: ಎಲ್ಲಿಯೂ ಸೋರುವುದು ಕಾಣದಿದ್ದರೂ ಕೂಲೆಂಟ್ ಕಡಿಮೆಯಾಗುತ್ತಿದೆ. ಹೆಡ್ ಗ್ಯಾಸ್ಕೆಟ್ ಇರಬೇಕು ಎನ್ನುವುದು ಮೆಕ್ಯಾನಿಕ್‌ನ ಅನುಮಾನ. ಬಿಚ್ಚಿ ಸರಿಮಾಡಿಸುವಷ್ಟು ಹಣ ಈಗ ಇಲ್ಲ. ಬೆಳಿಗ್ಗೆ ತುಂಬಿಸಿ ನಿಲ್ಲಿಸಿದರೆ, ನೋಡಲು ಬಂದವರಿಗೆ ಎರಡು ಸುತ್ತು ಓಡಿಸಿದರೂ ತಿಳಿಯುವುದಿಲ್ಲ.

ಭಾವನಿಗೆ ಇದು ಪ್ರಶ್ನೆಯೇ ಅಲ್ಲ. "ನಿಂಗ್ಯಾರು ಹೇಳಿದ್ರು? ನೀನ್ಯಾಕೆ ಹೇಳ್ತೀಯ? ನೂರು ಸುಳ್ಳು ಹೇಳಿ ಮದುವೆ ಮಾಡೋ ದೇಶ ಇದು" ಎಂದು ನಕ್ಕರು. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೆಯ ಕಾರುಗಳ ಸಂತೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. 2001ರಲ್ಲಿ ನೊಬೆಲ್ ಹಂಚಿಕೊಂಡರು. ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲರನ್ನೂ ಅನುಮಾನಿಸಿ ಬೆಲೆ ಇಳಿಸುತ್ತಾನೆ. ಒಳ್ಳೆಯ ಕಾರಿನವರು ಆ ಬೆಲೆಗೆ ಒಪ್ಪದೆ ಸಂತೆ ಬಿಡುತ್ತಾರೆ. ಅಂದರೆ ನನ್ನ ಸುಳ್ಳಿನ ಬೆಲೆಯನ್ನು ನಾನು ಬಾಯಿ ತೆರೆಯುವ ಮೊದಲೇ ಕಳೆದುಬಿಟ್ಟಿರುತ್ತಾರೆ. ನಿಜ ಹೇಳಿದರೆ ಎರಡನೆಯ ಸಲ ಕಳೆಯುತ್ತಾರೆ.

ಕಾನೂನೂ ಭಾವನ ಕಡೆಗೇ ವಾಲುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 17ನೆಯ ಕಲಮಿನಲ್ಲಿ ಒಂದು ಕುದುರೆಯ ದೃಷ್ಟಾಂತವಿದೆ. ಕುದುರೆಗೆ ರೋಗವಿದೆಯೆಂದು ಗೊತ್ತಿದ್ದೂ ಒಬ್ಬ ಹರಾಜಿನಲ್ಲಿ ಸುಮ್ಮನೆ ಮಾರುತ್ತಾನೆ. ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳಾದರೆ, ಹೇಳುವುದು ಅವನ ಕರ್ತವ್ಯ. ಸಂಬಂಧ ಬದಲಾದ ಕೂಡಲೇ ಅದೇ ಮೌನ ತಪ್ಪಾಗುತ್ತದೆ.

ನನ್ನನ್ನು ಕಾಡುವುದು ಈ ಮಗಳು. ಕೊಳ್ಳುವವರು ನನಗೆ ಏನೂ ಆಗಬೇಕಿಲ್ಲ, ನಿಜ. ಆದರೆ ಅವರೂ ಹಿಂದಿನ ಸೀಟಿನಲ್ಲಿ ಮಗಳನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿಯುತ್ತಾರೆ, ಹತ್ತುತ್ತಾರೆ. "ದಿನಾ ಬೆಳಿಗ್ಗೆ ನೋಡಿ ತುಂಬಿಸ್ಕೊಂಡ್ರೆ ಇನ್ನೊಂದಷ್ಟು ದಿನ ಓಡುತ್ತೆ ಸಾರ್" ಎಂದಿದ್ದ ಮೆಕ್ಯಾನಿಕ್. ಬಾನೆಟ್ ಎತ್ತಿ ನೋಡಬೇಕೆಂಬುದು ಗೊತ್ತಿದ್ದರೆ ಈ ಕಾರು ಊರು ಮುಟ್ಟೀತು; ಗೊತ್ತಿಲ್ಲದಿದ್ದರೆ ಘಾಟಿಯಲ್ಲಿ ಕುದಿದು ನಿಂತೀತು. ಹಾಗಾದರೆ ಈ ತಿಳಿವಳಿಕೆ ಜಾಕು, ಸ್ಟೆಪ್ನಿಗಳ ಹಾಗೆ ಕಾರಿನದೇ ಒಂದು ಭಾಗ. ಸ್ಟೆಪ್ನಿ ತೆಗೆದಿಟ್ಟುಕೊಂಡು ಕಾರು ಮಾರಲು ಭಾವನೂ ಒಪ್ಪಲಿಕ್ಕಿಲ್ಲ.

ಇನ್ನು, ನನಗೆ ಯಾರೂ ಹೇಳಲಿಲ್ಲವೆಂಬ ಲೆಕ್ಕ. ಹಿಂದಿನ ಮಾಲೀಕರಿಗೆ ನಿಜವಾಗಿಯೂ ನೆನಪಿರಲಿಲ್ಲವೋ ಏನೋ. ಬಚ್ಚಿಟ್ಟರೆಂದೇ ಇಟ್ಟುಕೊಂಡರೂ, ಅವರು ಉಳಿಸಿಕೊಂಡ ಬಾಕಿಯನ್ನು ದಾರಿಹೋಕರ ಹತ್ತಿರ ವಸೂಲಿ ಮಾಡುವುದು ಯಾವ ನ್ಯಾಯ?

ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟಿದ್ದೇನೆ: ಬೆಲ್ಟ್ ಹಾಕಿಸಿದ ತಾರೀಖು, ಆಯಿಲ್ ಬದಲಿಸಿದ ಕಿಲೋಮೀಟರು, ಕೂಲೆಂಟಿನ ಕಥೆ. ಅದಕ್ಕಿಂತ ಹಿಂದಿನ ವರ್ಷಗಳ ಪುಟದಲ್ಲಿ "ಗೊತ್ತಿಲ್ಲ" ಎಂದಷ್ಟೇ ಇದೆ. ನೋಡಲು ಬಂದ ಮೊದಲಿಬ್ಬರು ಅದನ್ನು ಓದಿ, ಥ್ಯಾಂಕ್ಸ್ ಹೇಳಿ, ಮತ್ತೆ ಫೋನು ಮಾಡಲಿಲ್ಲ. ಮೂರನೆಯವರು ಮೂವತ್ತು ಸಾವಿರ ಇಳಿಸಿ ಕೇಳಿದ್ದಾರೆ. ಫೀಸು ಕಟ್ಟಲು ಇನ್ನು ಹನ್ನೆರಡು ದಿನ ಇದೆ. ಕೊಡುತ್ತೇನೆ, ನೋಟ್‌ಬುಕ್ಕಿನ ಸಮೇತ.