ಹಿಸ್ಸೆಯಾದ ಪದಗಳು

ಇಂಗ್ಲೆಂಡಿಗೆ ಮೊದಲು ಅಚ್ಚುಯಂತ್ರ ತಂದ ವಿಲಿಯಂ ಕ್ಯಾಕ್ಸ್‌ಟನ್ 1490ರಲ್ಲಿ ಅಚ್ಚು ಹಾಕಿದ ಪುಸ್ತಕವೊಂದರ ಮುನ್ನುಡಿಯಲ್ಲಿ ಮೊಟ್ಟೆಯ ಪ್ರಸಂಗವೊಂದನ್ನು ಹೇಳುತ್ತಾನೆ. ಥೇಮ್ಸ್ ನದಿಯಿಂದ ಹಡಗಿನಲ್ಲಿ ಹೊರಟ ವ್ಯಾಪಾರಿಗಳು ಗಾಳಿ ಬೀಸದೆ ದಡಕ್ಕಿಳಿದು ತಂಗಿದರಂತೆ. ಅವರಲ್ಲೊಬ್ಬ ಒಂದು ಮನೆಗೆ ಹೋಗಿ ಊಟ ಕೇಳಿದ, ಅದರಲ್ಲೂ ‘ಎಗ್ಸ್’ ಬೇಕೆಂದ. ಮನೆಯಾಕೆ, ನನಗೆ ಫ್ರೆಂಚ್ ಬರೋದಿಲ್ಲಪ್ಪ ಅಂದಳು. ಅವನಿಗೂ ಫ್ರೆಂಚ್ ಬಾರದು, ಸಿಟ್ಟು ಬಂತು. ಕೊನೆಗೆ ಇನ್ನೊಬ್ಬ ‘ಐರೆನ್’ ಅಂದಾಗ ಆಕೆಗೆ ತಿಳಿಯಿತು.

‘ಎಗ್’ ಎಂಬುದು ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವದಲ್ಲಿ ನೆಲೆಸಿದವರು ತಂದ ಮಾತು. ‘ಐರೆನ್’ ದಕ್ಷಿಣದವರು ಬಿಡದೆ ಆಡಿಕೊಂಡು ಬಂದ ಹಳೆಯ ಮಾತು. ಎರಡಕ್ಕೂ ಅದೇ ಮೊಟ್ಟೆ. ಒಂದು ಉಳಿಯಿತು, ಇನ್ನೊಂದು ಹೋಯಿತು. ಆದರೆ ಹೀಗೆ ಎದುರಾದ ಪದಗಳಲ್ಲಿ ಎಷ್ಟೋ ಸಲ ಎರಡೂ ಉಳಿದುಕೊಂಡಿವೆ. ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡ ಹಾಗೆ, ಮೇಲಿನ ಗದ್ದೆ ನಿನಗೆ, ಕೆಳಗಿನದು ನನಗೆ ಅಂತ. ‘ಶರ್ಟ್’ ಮತ್ತು ‘ಸ್ಕರ್ಟ್’ ಹುಟ್ಟಿದ್ದು ಒಂದೇ ಮೂಲದಿಂದ. ಮೊದಲನೆಯದು ಇಂಗ್ಲಿಷರ ಬಾಯಲ್ಲಿ ಇದ್ದದ್ದು, ಎರಡನೆಯದು ಸ್ಕ್ಯಾಂಡಿನೇವಿಯನ್ನರ ಬಾಯಲ್ಲಿ. ಅವರಿಗೆ ಅದೂ ಮೇಲಂಗಿಯೇ. ಒಂದೇ ಊರಿಗೆ ಬಂದ ಮೇಲೆ ಒಂದು ಸೊಂಟದ ಮೇಲಕ್ಕಾಯಿತು, ಇನ್ನೊಂದು ಕೆಳಕ್ಕೆ. ಯಾವ ಪಂಡಿತನೂ ಕೂತು ಬರೆದ ಪಾಲುಪಟ್ಟಿಯಲ್ಲ ಇದು.

ನಮ್ಮ ಶಾಲೆಯ ಪರೀಕ್ಷೆಗಳಲ್ಲಿ ಇಂಥ ಜೋಡಿಪದಗಳನ್ನು ಕೊಟ್ಟು ‘ವ್ಯತ್ಯಾಸ ತಿಳಿಸಿ’ ಎನ್ನುತ್ತಿದ್ದರು. ಉರು ಹೊಡೆದು ಬರೆದು ಬರುತ್ತಿದ್ದೆವು. ವ್ಯತ್ಯಾಸ ಬಂದದ್ದು ಎಲ್ಲಿಂದ ಎಂಬ ಪ್ರಶ್ನೆ ಮಾತ್ರ ಎಂದೂ ಬರಲಿಲ್ಲ.

ಎಲ್ಲ ಹಿಸ್ಸೆಯೂ ಸರಿಸಮ ಆಗುವುದಿಲ್ಲ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆ, ನ್ಯಾಯಾಲಯಗಳಲ್ಲಿ ಫ್ರೆಂಚ್ ನಡೆಯಿತು; ಹೊಲ, ಕೊಟ್ಟಿಗೆ, ಒಲೆಯ ಮುಂದೆ ಇಂಗ್ಲಿಷ್ ಉಳಿಯಿತು. ಕುರಿ ಹಟ್ಟಿಯಲ್ಲಿದ್ದರೆ ‘ಶೀಪ್’, ಊಟದ ಮೇಜಿಗೆ ಬಂದರೆ ‘ಮಟನ್’. ಕೊಳೆಯಲ್ಲಿ ಹೊರಳುವಾಗ ‘ಪಿಗ್’, ತಟ್ಟೆಯಲ್ಲಿ ‘ಪೋರ್ಕ್’. ಮೇಯಿಸಿದವನು ಒಬ್ಬ, ತಿಂದವನು ಇನ್ನೊಬ್ಬ, ಇಬ್ಬರ ಮಾತೂ ಹಾಗೇ ನಿಂತಿದೆ. ವಾಲ್ಟರ್ ಸ್ಕಾಟ್ ತನ್ನ ‘ಐವನ್‌ಹೋ’ ಕಾದಂಬರಿಯ ಮೊದಲ ಅಧ್ಯಾಯದಲ್ಲೇ ಈ ವಿಚಾರವನ್ನು ಒಬ್ಬ ವಿದೂಷಕನ ಬಾಯಲ್ಲಿ ಹಂದಿ ಕಾಯುವವನಿಗೆ ಹೇಳಿಸುತ್ತಾನೆ. ಸೊಗಸಾದ ಮಾತು, ಆದರೆ ಸ್ವಲ್ಪ ಜಾಸ್ತಿಯೇ ಸೊಗಸು. ಮಟನ್ ಎಂಬ ಪದ ಇಂಗ್ಲಿಷಿನಲ್ಲಿ ಜೀವಂತ ಕುರಿಗೂ ಬಹುಕಾಲ ನಡೆಯಿತು. ಪದಗಳು ಬೇಲಿ ಹಾಕಿಕೊಳ್ಳಲು ನೂರಾರು ವರ್ಷ ಬೇಕಾಯಿತು. ಫ್ರೆಂಚರಿಗಂತೂ ಆ ಪದ ಈಗಲೂ ಬದುಕಿರುವ ಕುರಿಗೂ ಸಲ್ಲುತ್ತದೆ. ನಮ್ಮ ಊರಿನ ಮಟನ್ ಅಂಗಡಿಯಲ್ಲಿ ಅದು ಕುರಿಯನ್ನೂ ದಾಟಿ ಮೇಕೆಗೂ ಹಬ್ಬಿದೆ, ಆ ಮಾತು ಬೇರೆ.

ಅರಮನೆಯ ಪದಕ್ಕೆ ಸಿಕ್ಕಿದ್ದು ಗೌರವ, ಮನೆಯ ಪದಕ್ಕೆ ಸಿಕ್ಕಿದ್ದು ಬಳಕೆ. ಸಮಾರಂಭ ‘ಕಮೆನ್ಸ್’ ಆಗುತ್ತದೆ, ಮಳೆ ‘ಬಿಗಿನ್’ ಆಗುತ್ತದೆ. ಸರ್ಕಾರ ಕೊಡುವುದು ‘ಏಡ್’. ನೀರಿನಲ್ಲಿ ಮುಳುಗುತ್ತಿರುವವನು ಕೂಗುವುದು ‘ಹೆಲ್ಪ್’. ನಿಘಂಟಿನಲ್ಲಿ ಎರಡಕ್ಕೂ ಸಹಾಯ ಎಂದೇ ಇದೆ. ನಮ್ಮಲ್ಲಿ ಯಾರೂ ಬಾಯಾರಿದಾಗ ಜಲ ಕೊಡಿ ಎನ್ನುವುದಿಲ್ಲವಲ್ಲ. ಗೃಹಪ್ರವೇಶ ಮಾಡಿದ ಮನೆಗೆ ಮಾರನೆಯ ದಿನದಿಂದ ಯಾರೂ ಗೃಹ ಎನ್ನುವುದೂ ಇಲ್ಲ.

ಈ ಎಲ್ಲ ಜೋಡಿಗಳಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸುವುದು ಸಾವಿನ ಮನೆಯ ಎರಡು ಪದಗಳು: ‘ಸಾರಿ’ ಮತ್ತು ‘ಕಂಡೋಲೆನ್ಸ್’. ‘ಕಂಡೋಲೆನ್ಸ್’ ಲ್ಯಾಟಿನ್ ಮೂಲದ್ದು. ಬಿಡಿಸಿ ನೋಡಿದರೆ ಜೊತೆಗೆ ನೋಯುವುದು ಎಂದಾಗುತ್ತದೆ. ‘ಸಾರಿ’ ಇಂಗ್ಲಿಷಿನ ಹಳೆಯ ಪದ, ಗಾಯ ನೋಯುವುದನ್ನು ಹೇಳುವ ‘ಸೋರ್’ ಎಂಬುದರ ಬಳಗ. ದುಃಖ ಎಂಬರ್ಥದ ‘ಸಾರೋ’ ಇದರ ಒಡಹುಟ್ಟು ಎಂದು ನಾವು ಭಾವಿಸುತ್ತೇವೆ. ಅದರ ಬೇರೇ ಬೇರೆ. ಒಂದನ್ನೊಂದು ಹೋಲುತ್ತಾ ಹೋಲುತ್ತಾ ಹತ್ತಿರವಾದವು, ಅಷ್ಟೆ. ಅರ್ಥ ಹಿಡಿದು ತೂಗಿದರೆ ಜೊತೆಗೆ ನೋಯುವ ಪದವೇ ದೊಡ್ಡದು. ಅದು ಪಕ್ಕದಲ್ಲಿ ಕೂರಬೇಕಾದ ಪದ. ಆದರೆ ಬಳಕೆಯಲ್ಲಿ ಆದದ್ದು ತಿರುಗುಮುರುಗು. ‘ಕಂಡೋಲೆನ್ಸ್’ ಇಸ್ತ್ರಿ ಬಟ್ಟೆ ಹಾಕಿಕೊಂಡು ಗೇಟಿನ ಹತ್ತಿರವೇ ನಿಂತಿರುತ್ತದೆ, ಸಭೆಯ ಗೊತ್ತುವಳಿಯಲ್ಲಿ, ಕಚೇರಿಯ ಪತ್ರದಲ್ಲಿ. ‘ಸಾರಿ’ ಎಂಬುದು ಬಸ್ಸಿನಲ್ಲಿ ಕಾಲು ತುಳಿದರೂ ಅನ್ನುವಷ್ಟು ಸವೆದ ಮಾತು. ಆದರೂ ಇಂಗ್ಲಿಷ್ ಆಡುವ ಜನ ಸತ್ತವರ ಮನೆಯೊಳಗೆ ಹೋಗಿ ಕೈ ಹಿಡಿದುಕೊಂಡಾಗ ನಾಲಿಗೆಗೆ ಬರುವುದು ಆ ಸವೆದ ಮಾತೇ.

ಕನ್ನಡದಲ್ಲೂ ಇದು ಹೀಗೇ ಇದೆ. ಬೀದಿಯ ತಿರುವಿನಲ್ಲಿ ಕಟ್ಟಿದ ಫ್ಲೆಕ್ಸಿನ ಮೇಲೆ ‘ಭಾವಪೂರ್ಣ ಶ್ರದ್ಧಾಂಜಲಿ’. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ‘ತೀವ್ರ ಸಂತಾಪಗಳು’ ಎಂದರೆ ಕೆಳಗೆ ಮೂವತ್ತು ಜನ ಅದನ್ನೇ ಅಂಟಿಸುತ್ತಾರೆ, ಕಾಗುಣಿತದ ತಪ್ಪಿನ ಸಮೇತ. ಒಳಗೆ ನಡುಮನೆಯಲ್ಲಿ ಪಕ್ಕದ ಮನೆಯ ಹೆಂಗಸು ಗೋಡೆಗೊರಗಿ ಕೂತಿರುತ್ತಾಳೆ. ‘ಹೀಗಾಗಬಾರದಿತ್ತು ಕಣಮ್ಮ’ ಅಂತಾಳೆ. ಸ್ವಲ್ಪ ಹೊತ್ತು ಬಿಟ್ಟು, ‘ಬೆಳಗಿನಿಂದ ಏನೂ ಬಾಯಿಗೆ ಹಾಕಿಲ್ಲ, ಒಂದು ಲೋಟ ಕಾಫಿ ಕುಡಿ’ ಅಂತಾಳೆ. ಸಂತಾಪ ಎಂಬ ಪದ ಆಕೆಗೆ ಗೊತ್ತಿಲ್ಲ ಎಂದಲ್ಲ. ಗೊತ್ತಿದೆ, ಅಲ್ಲಿ ಅದಕ್ಕೆ ಕೆಲಸವಿಲ್ಲ.

ಹಾಗೆಂದು ಗೇಟಿನಲ್ಲಿ ನಿಲ್ಲುವ ಪದ ಬೇಡವೇ ಬೇಡ ಎನ್ನಲಾರೆ. ಪರಿಚಯ ಅಷ್ಟಿಲ್ಲದವರ ಮನೆಗೆ ಒಳಗಿನ ಪದ ಹಿಡಿದುಕೊಂಡು ನುಗ್ಗಿದರೆ ಅದು ನಾಟಕವಾಗುತ್ತದೆ. ಅಲ್ಲಿ ದೂರವೇ ಮರ್ಯಾದೆ. ತೊಂದರೆ ಬರುವುದು ಒಳಗೆ ಹೋಗಬೇಕಾದವರು, ಒಟ್ಟಿಗೆ ಆಡಿ ಬೆಳೆದವರು, ಹೊರಗಿನ ಪದ ಕಳಿಸಿ ಸುಮ್ಮನಾದಾಗ. ನಿಮ್ಮೊಂದಿಗೆ ಆಡಿ ಬೆಳೆದವರೊಬ್ಬರ ಮನೆಯ ಸಾವಿನ ಸುದ್ದಿ ಇಂದು ನಿಮ್ಮ ಫೋನಿಗೆ ಬಂದಿದ್ದರೆ, ಗುಂಪಿನಲ್ಲಿ ಕಾಣುವುದನ್ನು ಅಂಟಿಸಬೇಡಿ. ಅವರ ಮನೆಗೆ ಒಂದು ಕರೆ ಮಾಡಿ. ಬಸ್ಸು ಸಿಕ್ಕುವ ದೂರವಾದರೆ ಹೋಗಿ ಬನ್ನಿ.